ಈ ಕಾಲಂನಲ್ಲಿ ಇದು, ಇಲ್ಲವೇ ಆ ಕಾಲಂನಲ್ಲಿ ಅದು: ಶೀಟ್‌ನಿಂದ ಸರಿಯಾದ ಸಾಲುಗಳನ್ನು ಆರಿಸುವುದು ಹೇಗೆ?

ಪ್ರಶ್ನೆ: ಯಂತ್ರಗಳ ರಿಪೇರಿ ದೂರುಗಳನ್ನು ಒಂದು ಎಕ್ಸೆಲ್ ಶೀಟ್‌ನಲ್ಲಿ ಬರೆದಿಡುತ್ತೇನೆ. ಈಗ 3000 ಸಾಲು ಆಗಿವೆ. ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಯಂತ್ರ, ಸಿ ಕಾಲಂನಲ್ಲಿ ವಿಭಾಗ, ಡಿ ಕಾಲಂನಲ್ಲಿ ಸ್ಥಿತಿ, ಇ ಕಾಲಂನಲ್ಲಿ ತುರ್ತು, ಎಫ್ ಕಾಲಂನಲ್ಲಿ ಯಂತ್ರ ನಿಂತಿದ್ದ ಗಂಟೆ. ಬಾಕಿ ಇರುವ ದೂರುಗಳ ಪೈಕಿ ತುರ್ತು 'ಹೆಚ್ಚು' ಎಂದಿರುವವು, ಇಲ್ಲವೇ 48 ಗಂಟೆಗಿಂತ ಜಾಸ್ತಿ ನಿಂತಿರುವವು ನನಗೆ ಬೇಕು. ಮೂರೂ ಕಾಲಂಗೆ ಫಿಲ್ಟರ್ ಹಾಕಿದರೆ ತೀರಾ ಕಡಿಮೆ ಸಾಲು ಬರುತ್ತವೆ. 60 ಗಂಟೆ ನಿಂತಿರುವ ಒಂದು ಯಂತ್ರ ಪಟ್ಟಿಯಲ್ಲೇ ಇಲ್ಲ. ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಶೀಟ್ ಕೆಟ್ಟಿಲ್ಲ, ನೀವು ಒತ್ತಿದ ಬಟನ್ನೂ ತಪ್ಪಲ್ಲ. ನೀವು ಕೇಳಿದ್ದು ಒಂದು, ಫಿಲ್ಟರ್ ತಿಳಿದುಕೊಂಡದ್ದು ಇನ್ನೊಂದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಯಾಕೆಂದರೆ ಫಿಲ್ಟರ್ ತಪ್ಪಿದಾಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ಬಂದ ಸಾಲುಗಳು ಕಣ್ಣಿಗೆ ಕಾಣುತ್ತವೆ, ಬಾರದೇ ಉಳಿದವು ಕಾಣುವುದಿಲ್ಲ. ಆ 60 ಗಂಟೆಯ ಯಂತ್ರ ನಿಮಗೆ ನೆನಪಿತ್ತು, ಹಾಗಾಗಿ ಗೊತ್ತಾಯಿತು. ನೆನಪಿಲ್ಲದ ಉಳಿದವುಗಳ ಕಥೆ ಏನು?

ತಲೆಬರಹದ ಸಾಲಿನ ಬಾಣ ಒತ್ತಿ ಹಾಕುವ ಮಾಮೂಲಿ ಫಿಲ್ಟರ್ ಎರಡು ರೀತಿ ನಡೆದುಕೊಳ್ಳುತ್ತದೆ. ಒಂದೇ ಕಾಲಂನ ಒಳಗೆ ನೀವು ಎರಡು ಟಿಕ್ ಹಾಕಿದರೆ ಅದು 'ಅಥವಾ'. ವಿಭಾಗದಲ್ಲಿ 'ಪ್ಯಾಕಿಂಗ್' ಮತ್ತು 'ಜೋಡಣೆ' ಎರಡಕ್ಕೂ ಟಿಕ್ ಹಾಕಿದರೆ ಎರಡೂ ವಿಭಾಗದ ಸಾಲುಗಳು ಬರುತ್ತವೆ. ಆದರೆ ಬೇರೆ ಬೇರೆ ಕಾಲಂಗಳ ನಡುವೆ ಅದಕ್ಕೆ ಗೊತ್ತಿರುವುದು 'ಮತ್ತು' ಒಂದೇ. ಒಂದರ ಕೆಳಗೊಂದು ಜರಡಿ ಹಿಡಿದ ಹಾಗೆ: ಮೇಲಿನ ಜರಡಿಯಲ್ಲೇ ನಿಂತದ್ದು ಕೆಳಗಿನದಕ್ಕೆ ತಲುಪುವುದೇ ಇಲ್ಲ. ತುರ್ತು ಕಾಲಂನಲ್ಲಿ 'ಹೆಚ್ಚು' ಆರಿಸಿದ ಕೂಡಲೇ, 'ಸಾಧಾರಣ' ಎಂದು ಬರೆದಿದ್ದ ಆ 60 ಗಂಟೆಯ ಯಂತ್ರ ಹೊರಬಿತ್ತು. ಆಮೇಲೆ ಗಂಟೆಯ ಕಾಲಂನಲ್ಲಿ ಏನು ಹಾಕಿದರೂ ಅದು ವಾಪಸ್ ಬರುವುದಿಲ್ಲ.

ಕಸ್ಟಮ್ ಫಿಲ್ಟರ್ ಡಬ್ಬಿಯಲ್ಲಿ 'ಆ್ಯಂಡ್', 'ಆರ್' ಎಂಬ ಎರಡು ಆಯ್ಕೆ ನೋಡಿ ಹಲವರು ಇಲ್ಲೇ ಪರಿಹಾರ ಇದೆ ಎಂದುಕೊಳ್ಳುತ್ತಾರೆ. ಅದು ಆ ಒಂದು ಕಾಲಂಗೆ ಸೀಮಿತ. ಅಲ್ಲಿ ಎರಡು ಷರತ್ತು ಮಾತ್ರ ಹಾಕಬಹುದು. ಪಕ್ಕದ ಕಾಲಂ ಅದಕ್ಕೆ ಕಾಣುವುದೇ ಇಲ್ಲ.

ಹಾಗಾಗಿ ಮೌಸ್ ಮುಟ್ಟುವ ಮುಂಚೆ ನಿಮ್ಮ ಬೇಡಿಕೆಯನ್ನು ಆವರಣ ಹಾಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ:

ಸ್ಥಿತಿ ಬಾಕಿ ಮತ್ತು (ತುರ್ತು ಹೆಚ್ಚು ಅಥವಾ ಗಂಟೆ 48ಕ್ಕಿಂತ ಜಾಸ್ತಿ)

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಈ ಆವರಣ. ಅದನ್ನು ಜಾಗ ಬದಲಿಸಿ (ಸ್ಥಿತಿ ಬಾಕಿ ಮತ್ತು ತುರ್ತು ಹೆಚ್ಚು) ಅಥವಾ ಗಂಟೆ 48ಕ್ಕಿಂತ ಜಾಸ್ತಿ ಎಂದು ಬರೆದರೆ ಪದಗಳು ಅವೇ, ಉತ್ತರ ಬೇರೆ. ಎಂದೋ ರಿಪೇರಿ ಮುಗಿದು ಹೋದ ದೂರುಗಳೂ 48 ಗಂಟೆ ದಾಟಿವೆ ಎಂಬ ಒಂದೇ ಕಾರಣಕ್ಕೆ ಪಟ್ಟಿಗೆ ನುಗ್ಗುತ್ತವೆ. ಬಾಯಿಮಾತಿನಲ್ಲಿ ನಾವು ಆವರಣ ಹೇಳುವುದಿಲ್ಲ, ಕೇಳುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಶೀಟ್‌ಗೆ ಆ ಸಂದರ್ಭ ಗೊತ್ತಿಲ್ಲ, ಅಲ್ವಾ?

ಇನ್ನು ದಾರಿಗಳಿಗೆ ಬರೋಣ. ಒಂದು ಸೂಚನೆ: ಇಲ್ಲಿ ಫಾರ್ಮುಲಾಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಶೀಟ್‌ನಲ್ಲಿ ಟೈಪ್ ಮಾಡುವಾಗ ಫಂಕ್ಷನ್ ಹೆಸರನ್ನೂ ಕಾಲಂ ಅಕ್ಷರವನ್ನೂ ಇಂಗ್ಲಿಷ್‌ನಲ್ಲೇ ಹಾಕಿ. ಕೊಟೇಶನ್ ಗುರುತಿನ ಒಳಗಿರುವ ಪದ ನಿಮ್ಮ ಶೀಟ್‌ನಲ್ಲಿ ಹೇಗಿದೆಯೋ ಹಾಗೇ ಇರಲಿ. ಕೆಲವು ಕಂಪ್ಯೂಟರ್‌ಗಳ ಸೆಟ್ಟಿಂಗ್‌ನಲ್ಲಿ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕಾಗುತ್ತದೆ.

ನಾನು ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡುವುದು ಸಹಾಯಕ ಕಾಲಂ. ನೋಡಲು ತೀರಾ ಸಾದಾ, ಆದರೆ ಎಕ್ಸೆಲ್‌ನ ಎಷ್ಟೇ ಹಳೆಯ ಆವೃತ್ತಿ ಇರಲಿ, ಗೂಗಲ್ ಶೀಟ್ಸ್ ಇರಲಿ, ಲಿಬ್ರೆಆಫೀಸ್ ಇರಲಿ, ಎಲ್ಲ ಕಡೆ ನಡೆಯುತ್ತದೆ. ಜಿ ಕಾಲಂಗೆ 'ಬೇಕು' ಎಂದು ತಲೆಬರಹ ಕೊಟ್ಟು ಜಿ2ರಲ್ಲಿ ಹೀಗೆ ಬರೆಯಿರಿ:

=ಆ್ಯಂಡ್(ಡಿ2="ಬಾಕಿ",ಆರ್(ಇ2="ಹೆಚ್ಚು",ಎಫ್2>48))

ಕೊನೆಯ ಸಾಲಿನವರೆಗೂ ಎಳೆಯಿರಿ. ಪ್ರತಿ ಸಾಲಿಗೂ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಆಮೇಲೆ ಜಿ ಕಾಲಂ ಒಂದಕ್ಕೇ ಫಿಲ್ಟರ್ ಹಾಕಿ ಟ್ರೂ ಮಾತ್ರ ಆರಿಸಿ. ಚೀಟಿಯಲ್ಲಿ ಬರೆದ ವಾಕ್ಯ, ಆವರಣ ಸಮೇತ, ಹಾಗೇ ಫಾರ್ಮುಲಾಗೆ ಇಳಿದಿದೆ ನೋಡಿ. ಬೇರೆಯವರು ಶೀಟ್ ತೆರೆದರೂ ಯಾವ ನಿಯಮದಲ್ಲಿ ಆರಿಸಿದ್ದೀರಿ ಎಂದು ಓದಿ ತಿಳಿಯಬಹುದು. ಬಾಣ ಒತ್ತಿ ಹಾಕಿದ ಫಿಲ್ಟರ್‌ಗಳಲ್ಲಿ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ.

ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬಹುದು. ಟ್ರೂ, ಫಾಲ್ಸ್ ಬದಲು ಕಾರಣವನ್ನೇ ಬರೆಸಿ:

=ಇಫ್(ಡಿ2<>"ಬಾಕಿ","",ಇಫ್(ಆ್ಯಂಡ್(ಇ2="ಹೆಚ್ಚು",ಎಫ್2>48),"ಎರಡೂ",ಇಫ್(ಇ2="ಹೆಚ್ಚು","ತುರ್ತು",ಇಫ್(ಎಫ್2>48,"ಗಂಟೆ",""))))

ಈಗ ಜಿ ಕಾಲಂನಲ್ಲಿ ಖಾಲಿ ಇರುವುದನ್ನು ಬಿಟ್ಟು ಉಳಿದದ್ದಕ್ಕೆ ಟಿಕ್ ಹಾಕಿದರೆ ಬೇಕಾದ ಸಾಲುಗಳು ಬರುತ್ತವೆ. ಪ್ರತಿ ಸಾಲು ಯಾಕೆ ಬಂದಿದೆ ಎಂದೂ ಪಕ್ಕದಲ್ಲೇ ಇರುತ್ತದೆ. ರಿಪೇರಿಯವರ ಮುಂದೆ ಪಟ್ಟಿ ಇಟ್ಟಾಗ 'ಇದು ಯಾಕೆ ಇಲ್ಲಿದೆ' ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಈ ಕಾಲಂ ತುಂಬಾ ಸಹಾಯ ಮಾಡುತ್ತದೆ.

48 ಎಂಬ ಅಂಕಿಯನ್ನು ಫಾರ್ಮುಲಾದ ಒಳಗೆ ಹೂತಿಡಬೇಡಿ. ಕೆ1ರಲ್ಲಿ 48 ಎಂದು ಬರೆದು, ಫಾರ್ಮುಲಾದಲ್ಲಿ $ಕೆ$1 ಎಂದು ಹಾಕಿ. ನಾಳೆ 72 ಗಂಟೆಯ ಲೆಕ್ಕ ಬೇಕಾದರೆ ಒಂದೇ ಕಡೆ ಬದಲಿಸಿದರೆ ಸಾಕು. ಆದರೆ ನೆನಪಿಡಿ, ಫಾರ್ಮುಲಾದ ಉತ್ತರ ಬದಲಾದರೂ ಹಾಕಿದ ಫಿಲ್ಟರ್ ತಾನಾಗಿ ಹೊಸದಾಗುವುದಿಲ್ಲ. ಎಕ್ಸೆಲ್‌ನಲ್ಲಿ ಕಂಟ್ರೋಲ್, ಆಲ್ಟ್, ಎಲ್ ಒಟ್ಟಿಗೆ ಒತ್ತಿದರೆ ಅದೇ ಫಿಲ್ಟರ್ ಮತ್ತೆ ಓಡುತ್ತದೆ.

ಶೀಟ್‌ಗೆ ಕಾಲಂ ಸೇರಿಸುವ ಹಾಗಿಲ್ಲ ಎಂದಾದರೆ ಅಡ್ವಾನ್ಸ್ಡ್ ಫಿಲ್ಟರ್ ಇದೆ. ಡೇಟಾ ಟ್ಯಾಬ್‌ನಲ್ಲಿ, ಫಿಲ್ಟರ್ ಬಟನ್ ಪಕ್ಕದಲ್ಲೇ ಇದ್ದರೂ ಹೆಚ್ಚಿನವರು ಅದನ್ನು ಮುಟ್ಟುವುದಿಲ್ಲ. ಇಲ್ಲಿ ಷರತ್ತುಗಳನ್ನು ಶೀಟ್‌ನಲ್ಲೇ ಒಂದು ಪುಟ್ಟ ಕೋಷ್ಟಕವಾಗಿ ಬರೆಯಬೇಕು. ನಿಯಮ ಒಂದೇ: ಒಂದೇ ಅಡ್ಡ ಸಾಲಿನಲ್ಲಿ ಇರುವುದೆಲ್ಲ 'ಮತ್ತು', ಕೆಳಗಿನ ಸಾಲಿಗೆ ಇಳಿದರೆ 'ಅಥವಾ'. ನಿಮ್ಮ ಬೇಡಿಕೆ ಹೀಗಾಗುತ್ತದೆ:

ಸ್ಥಿತಿ | ತುರ್ತು | ಗಂಟೆ
ಬಾಕಿ | ಹೆಚ್ಚು | ಖಾಲಿ ಬಿಡಿ
ಬಾಕಿ | ಖಾಲಿ ಬಿಡಿ | >48

'ಬಾಕಿ' ಎರಡು ಸಲ ಬಂದಿದೆ, ಗಮನಿಸಿ. ಎರಡನೇ ಸಾಲಿನಲ್ಲಿ ಅದನ್ನು ಬಿಟ್ಟರೆ ಮುಗಿದ ದೂರುಗಳೂ ಬರುತ್ತವೆ. ಇಲ್ಲಿ ಆವರಣ ಹಾಕಲು ಜಾಗವಿಲ್ಲ. ಹಾಗಾಗಿ ಆವರಣದ ಹೊರಗಿದ್ದ ಷರತ್ತನ್ನು ಪ್ರತಿ ಸಾಲಿಗೂ ಹಂಚಬೇಕು. ಈ ವಿಧಾನದಲ್ಲಿ ಜನ ಅತಿ ಹೆಚ್ಚು ತಪ್ಪುವುದು ಇಲ್ಲೇ.

ಇನ್ನೂ ಮೂರು ಕಡೆ ಹುಷಾರಾಗಿರಬೇಕು. ಕೋಷ್ಟಕದ ತಲೆಬರಹ ಮೂಲದ ತಲೆಬರಹದ ಹಾಗೇ ಇರಬೇಕು, ಕೈಯಿಂದ ಟೈಪ್ ಮಾಡದೆ ಕಾಪಿ ಮಾಡಿ ಹಾಕುವುದು ಒಳ್ಳೆಯದು. ಕೋಷ್ಟಕವನ್ನು ಆರಿಸುವಾಗ ಕೆಳಗಿನ ಒಂದು ಖಾಲಿ ಸಾಲು ಸೇರಿಕೊಂಡರೂ ಸಾಕು, ಶೀಟ್‌ನ ಎಲ್ಲ ಸಾಲೂ ಬಂದುಬಿಡುತ್ತವೆ. ಖಾಲಿ ಸಾಲು ಎಂದರೆ 'ಯಾವ ಷರತ್ತೂ ಇಲ್ಲ' ಎಂದೇ ಅರ್ಥ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. ಅಡ್ವಾನ್ಸ್ಡ್ ಫಿಲ್ಟರ್‌ನಲ್ಲಿ ಸುಮ್ನೆ 'ಬಾಕಿ' ಎಂದು ಬರೆದರೆ 'ಬಾಕಿ' ಎಂದು ಶುರುವಾಗುವ ಎಲ್ಲವೂ ಬರುತ್ತವೆ. ನಿಮ್ಮ ಶೀಟ್‌ನಲ್ಲಿ ಯಾರಾದರೂ 'ಬಾಕಿ ಇಲ್ಲ' ಎಂದು ಬರೆದಿದ್ದರೆ ಅದೂ ಬರುತ್ತದೆ! ಅಷ್ಟೇ ಪದ ಬೇಕಾದರೆ ಆ ಸೆಲ್‌ನಲ್ಲಿ ="=ಬಾಕಿ" ಎಂದು ಬರೆಯಿರಿ.

ಈ ಕೋಷ್ಟಕವನ್ನು ದತ್ತಾಂಶದ ಪಕ್ಕದಲ್ಲಿ ಇಡಬೇಡಿ. ಫಿಲ್ಟರ್ ಸಾಲುಗಳನ್ನು ಅಡಗಿಸಿದಾಗ ಕೋಷ್ಟಕವೂ ಅಡಗುತ್ತದೆ. ಮೇಲೆ ಇಡಿ, ಇಲ್ಲವೇ ಬೇರೆ ಶೀಟ್‌ನಲ್ಲಿ ಇಡಿ. ಆರಿಸಿದ ಸಾಲುಗಳನ್ನು ಬೇರೆ ಶೀಟ್‌ಗೆ ಕಾಪಿ ಮಾಡುವ ಆಯ್ಕೆಯೂ ಇದರಲ್ಲಿದೆ, ಆದರೆ ಆಗ ಡಬ್ಬಿಯನ್ನು ತೆರೆಯಬೇಕಾದದ್ದು ಹೋಗಿ ಸೇರಬೇಕಾದ ಶೀಟ್‌ನಲ್ಲಿ ನಿಂತು. ಮೂಲ ಶೀಟ್‌ನಿಂದ ಶುರು ಮಾಡಿದರೆ ಎಕ್ಸೆಲ್ ಒಪ್ಪುವುದಿಲ್ಲ.

ಈಗ ಮೂರನೇ ದಾರಿ, ಫಿಲ್ಟರ್ ಎಂಬ ಫಂಕ್ಷನ್. ಎಕ್ಸೆಲ್ 365, 2021 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಇದೆ. 2016, 2019ರಲ್ಲಿ ಇಲ್ಲ. ಗೂಗಲ್ ಶೀಟ್ಸ್‌ನಲ್ಲಿ ಇದೆ, ಆದರೆ ಅಲ್ಲಿ ಕೆಳಗಿನ ಫಾರ್ಮುಲಾದ ಕೊನೆಯ 'ಯಾವುದೂ ಇಲ್ಲ' ಭಾಗವನ್ನು ಬಿಟ್ಟು ಬರೆಯಬೇಕು. ಲಿಬ್ರೆಆಫೀಸ್‌ಗೆ 24.8ನೇ ಆವೃತ್ತಿಯಲ್ಲಿ ಬಂತು. ನಿಮ್ಮ ಬಳಿ ಇದ್ದರೆ ಖಂಡಿತ ಕಲಿಯಿರಿ. ಫಾರ್ಮುಲಾದಲ್ಲಿ ಕೊಟ್ಟ ವ್ಯಾಪ್ತಿಯ ಒಳಗೆ ಹೊಸ ದೂರು ಸೇರಿದ ಹಾಗೆ, ಸ್ಥಿತಿ ಬದಲಾದ ಹಾಗೆ ಪಟ್ಟಿ ತಾನಾಗಿ ಬದಲಾಗುತ್ತದೆ, ಮೂಲ ಶೀಟ್ ಅಲುಗುವುದೇ ಇಲ್ಲ. ಬೇರೆ ಶೀಟ್ ಒಂದರಲ್ಲಿ ಬರೆಯುವಾಗ ಪ್ರತಿ ವ್ಯಾಪ್ತಿಯ ಮುಂದೆ ಮೂಲ ಶೀಟ್‌ನ ಹೆಸರು ಬರಬೇಕು. ಓದಲು ಸಲೀಸಾಗಲಿ ಎಂದು ಇಲ್ಲಿ ಬಿಟ್ಟಿದ್ದೇನೆ:

=ಫಿಲ್ಟರ್(ಎ2:ಎಫ್3001,(ಡಿ2:ಡಿ3001="ಬಾಕಿ")*((ಇ2:ಇ3001="ಹೆಚ್ಚು")+(ಎಫ್2:ಎಫ್3001>48)),"ಯಾವುದೂ ಇಲ್ಲ")

ಗುಣಾಕಾರ ಇಲ್ಲಿ 'ಮತ್ತು', ಸಂಕಲನ 'ಅಥವಾ'. ಇದರ ಹಿಂದಿನ ಲೆಕ್ಕ ಗೊತ್ತಿದ್ದರೆ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಪ್ರತಿ ಹೋಲಿಕೆಯೂ ಟ್ರೂ ಅಥವಾ ಫಾಲ್ಸ್ ಕೊಡುತ್ತದೆ. ಲೆಕ್ಕಕ್ಕೆ ಇಳಿದಾಗ ಟ್ರೂ 1, ಫಾಲ್ಸ್ 0. ಒಂದನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಆದ್ದರಿಂದ ಎರಡೂ ನಿಜವಾಗಿದ್ದರೆ ಮಾತ್ರ ಸಾಲು ಉಳಿಯುತ್ತದೆ. ಕೂಡಿಸಿದಾಗ ಎರಡರಲ್ಲಿ ಒಂದು ನಿಜವಾಗಿದ್ದರೂ ಕನಿಷ್ಠ 1 ಸಿಗುತ್ತದೆ. ಎರಡೂ ನಿಜವಾಗಿದ್ದರೆ 2. ಫಿಲ್ಟರ್ ಸೊನ್ನೆಯಲ್ಲದ ಎಲ್ಲವನ್ನೂ 'ಹೌದು' ಎಂದೇ ತೆಗೆದುಕೊಳ್ಳುತ್ತದೆ, ಹಾಗಾಗಿ 2 ಬಂದರೆ ತೊಂದರೆ ಇಲ್ಲ.

ಸಂಕಲನದ ಸುತ್ತ ಹಾಕಿದ ಹೊರ ಆವರಣವನ್ನು ಮರೆಯಬೇಡಿ. ಲೆಕ್ಕದಲ್ಲಿ ಗುಣಾಕಾರ ಮೊದಲು, ಸಂಕಲನ ಆಮೇಲೆ. ಆ ಆವರಣ ಇಲ್ಲದಿದ್ದರೆ ಚೀಟಿಯ ಎರಡನೇ ವಾಕ್ಯ ಆಗಿಬಿಡುತ್ತದೆ, ಮುಗಿದ ದೂರುಗಳು ಮತ್ತೆ ಹಾಜರ್.

ಇಲ್ಲಿ ಆ್ಯಂಡ್, ಆರ್ ಫಂಕ್ಷನ್‌ಗಳನ್ನೇ ಯಾಕೆ ಬಳಸಬಾರದು ಎಂದು ನೀವು ಕೇಳಬಹುದು. ಸಹಾಯಕ ಕಾಲಂನಲ್ಲಿ ಬಳಸಿದ್ದೆವಲ್ಲ? ಅಲ್ಲಿ ಒಂದು ಸಲಕ್ಕೆ ಒಂದೇ ಸಾಲಿನ ಮಾತು. ಇಲ್ಲಿ 3000 ಸಾಲು ಒಟ್ಟಿಗೆ ಕೊಡುತ್ತಿದ್ದೇವೆ. ಆ್ಯಂಡ್ ಫಂಕ್ಷನ್ ಆ 3000ವನ್ನೂ ಸೇರಿಸಿ ಒಂದೇ ಒಂದು ಉತ್ತರ ಕೊಡುತ್ತದೆ. ಫಿಲ್ಟರ್‌ಗೆ ಸಾಲಿಗೊಂದು ಉತ್ತರ ಬೇಕು. ಅದಕ್ಕೇ ಗುಣಾಕಾರ, ಸಂಕಲನ.

ಈ ಒಂದು ಮತ್ತು ಸೊನ್ನೆಯ ಲೆಕ್ಕ ಕೈಗೆ ಸಿಕ್ಕಿತೆಂದರೆ ಬಾಣದ ಫಿಲ್ಟರ್‌ನಲ್ಲಿ ಊಹಿಸಲೂ ಆಗದ ಪ್ರಶ್ನೆಗಳನ್ನು ಕೇಳಬಹುದು. ತುರ್ತು ಹೆಚ್ಚು, 48 ಗಂಟೆ ದಾಟಿದೆ, ಪ್ಯಾಕಿಂಗ್ ವಿಭಾಗದ್ದು: ಈ ಮೂರರಲ್ಲಿ ಯಾವುದಾದರೂ ಎರಡು ನಿಜವಾಗಿರುವ ಸಾಲು ಬೇಕೇ? ಮೂರನ್ನೂ ಕೂಡಿಸಿ, ಮೊತ್ತ >=2 ಎಂದು ಬರೆಯಿರಿ. ಯಾವುದಾದರೂ ಒಂದೇ ಒಂದು ನಿಜವಾಗಿರಬೇಕೇ? =1 ಎಂದು ಬರೆಯಿರಿ. ನನಗೆ ಈ ಫಂಕ್ಷನ್ ತುಂಬಾ ಹಿಡಿಸಿರುವುದು ಇದೇ ಕಾರಣಕ್ಕೆ.

ವಿಭಾಗಗಳ ಪಟ್ಟಿ ಉದ್ದವಿದ್ದರೆ, ಉದಾಹರಣೆಗೆ 12 ವಿಭಾಗ ಬೇಕು ಎಂದಾದರೆ, 12 ಸಲ ಪ್ಲಸ್ ಹಾಕುತ್ತಾ ಕೂರಬೇಡಿ. ಆ ಹೆಸರುಗಳನ್ನು ಎಲ್1ರಿಂದ ಎಲ್12ರವರೆಗೆ ಬರೆದು, ಷರತ್ತಿನ ಜಾಗದಲ್ಲಿ (ಕೌಂಟ್‌ಇಫ್(ಎಲ್1:ಎಲ್12,ಸಿ2:ಸಿ3001)>0) ಎಂದು ಹಾಕಿ. ಪಟ್ಟಿಯಲ್ಲಿ ಇಲ್ಲದವು ಬೇಕಾದರೆ >0 ಬದಲು =0. ಯಂತ್ರದ ಹೆಸರಿನ ನಡುವೆ ಎಲ್ಲೋ 'ಮೋಟಾರ್' ಎಂದಿರುವುದು ಬೇಕಾದರೆ ಈಸ್‌ನಂಬರ್(ಸರ್ಚ್("ಮೋಟಾರ್",ಬಿ2:ಬಿ3001)). ನಕ್ಷತ್ರ ಚಿಹ್ನೆ ಹಾಕಿ ="*ಮೋಟಾರ್*" ಎಂದು ಬರೆದರೆ ಈ ಫಂಕ್ಷನ್‌ನಲ್ಲಿ ನಡೆಯುವುದಿಲ್ಲ. ಆ ಚಿಹ್ನೆಯನ್ನೇ ಅಕ್ಷರದಂತೆ ಹುಡುಕುತ್ತದೆ.

'ಬೇಡ' ಎನ್ನುವ ಷರತ್ತುಗಳಲ್ಲಿ ಜಾಸ್ತಿ ಎಚ್ಚರ ಬೇಕು. ಮುಗಿದ ದೂರು, ರದ್ದಾದ ದೂರು ಎರಡೂ ಬೇಡ ಎಂದುಕೊಳ್ಳಿ. ಮನಸ್ಸು 'ಮುಗಿದದ್ದು ಅಥವಾ ರದ್ದಾದದ್ದು ಬೇಡ' ಎನ್ನುತ್ತದೆ, ಕೈ ಪ್ಲಸ್ ಒತ್ತುತ್ತದೆ. ಆಗ ಎಲ್ಲ 3000 ಸಾಲೂ ಬರುತ್ತವೆ. ಯಾಕೆಂದರೆ ಮುಗಿದ ದೂರು 'ರದ್ದು' ಅಲ್ಲ, ಆ ಲೆಕ್ಕದಲ್ಲಿ ಪಾಸಾಯಿತು. ರದ್ದಾದದ್ದು 'ಮುಗಿದಿದೆ' ಅಲ್ಲ, ಅದೂ ಪಾಸು. ಬೇಡವಾದವುಗಳನ್ನು ಯಾವಾಗಲೂ ಗುಣಾಕಾರದಿಂದಲೇ ಜೋಡಿಸಿ: (ಡಿ2:ಡಿ3001<>"ಮುಗಿದಿದೆ")*(ಡಿ2:ಡಿ3001<>"ರದ್ದು"). ಕಸ್ಟಮ್ ಫಿಲ್ಟರ್ ಡಬ್ಬಿಯಲ್ಲೂ ಇದೇ ಕಥೆ, ಅಲ್ಲಿ 'ಆ್ಯಂಡ್' ಆರಿಸಬೇಕು.

ಫಂಕ್ಷನ್ ಬರೆದ ಮೇಲೆ #ಸ್ಪಿಲ್! ಎಂದು ಬಂದರೆ, ಉತ್ತರ ಹರಡಿಕೊಳ್ಳಬೇಕಾದ ಜಾಗದಲ್ಲಿ ಏನೋ ಇದೆ ಎಂದರ್ಥ. ಆ ಸೆಲ್‌ಗಳನ್ನು ಖಾಲಿ ಮಾಡಿ. ಯಾವ ಸಾಲೂ ಸಿಗದಿದ್ದಾಗ #ಕ್ಯಾಲ್ಕ್! ಬರುತ್ತದೆ, ಅದನ್ನು ತಡೆಯಲೆಂದೇ ಕೊನೆಯಲ್ಲಿ "ಯಾವುದೂ ಇಲ್ಲ" ಎಂದು ಹಾಕಿದ್ದು. ದಿನಾಂಕದ ಜಾಗದಲ್ಲಿ 45383 ಎಂಬಂಥ ಅಂಕಿ ಕಂಡರೆ ಗಾಬರಿ ಬೇಡ. ಎಕ್ಸೆಲ್ ದಿನಾಂಕವನ್ನು ಅಂಕಿಯಾಗಿಯೇ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅದಕ್ಕೆ 1, ಆ ಲೆಕ್ಕದಲ್ಲಿ 45383 ಎಂದರೆ 2024ರ ಏಪ್ರಿಲ್ 1. ಕಾಲಂಗೆ ದಿನಾಂಕದ ಫಾರ್ಮ್ಯಾಟ್ ಕೊಟ್ಟರೆ ಸರಿಹೋಗುತ್ತದೆ.

ಅಂದಹಾಗೆ, ದಿನಾಂಕದ ವ್ಯಾಪ್ತಿ ಹಾಕುವಾಗ 'ಏಪ್ರಿಲ್ 30ರವರೆಗೆ' ಎಂದು <= ಬಳಸುವುದಕ್ಕಿಂತ 'ಮೇ 1ಕ್ಕಿಂತ ಮುಂಚೆ' ಎಂದು < ಬಳಸಿ. ಸೆಲ್‌ನಲ್ಲಿ ದಿನಾಂಕದ ಜೊತೆ ಸಮಯವೂ ಸೇರಿದ್ದರೆ, ಏಪ್ರಿಲ್ 30ರ ಮಧ್ಯಾಹ್ನದ ದೂರು ಏಪ್ರಿಲ್ 30 ಎಂಬ ಅಂಕಿಗಿಂತ ಅರ್ಧ ದಿನ ದೊಡ್ಡದು. <= ಅದನ್ನು ಬಿಟ್ಟುಬಿಡುತ್ತದೆ:

(ಎ2:ಎ3001>=ಡೇಟ್(2024,4,1))*(ಎ2:ಎ3001<ಡೇಟ್(2024,5,1))

ಈಗ ನಾನು ಅತಿ ಮುಖ್ಯ ಎಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಗಂಟೆಯ ಕಾಲಂನಲ್ಲಿ ಎಲ್ಲವೂ ನಿಜವಾಗಿ ಅಂಕಿಗಳೇ? ಯಾರಾದರೂ '60' ಬದಲು '60 ಗಂಟೆ' ಎಂದು ಟೈಪ್ ಮಾಡಿದ್ದರೆ ಅದು ಅಂಕಿಯಲ್ಲ, ಬರಹ. ಬಾಣದ ಫಿಲ್ಟರ್‌ನಲ್ಲಿ '48ಕ್ಕಿಂತ ದೊಡ್ಡದು' ಎಂದು ಹಾಕಿದಾಗ ಅದು ಬರುವುದಿಲ್ಲ. ಫಾರ್ಮುಲಾದಲ್ಲಿ ಇದಕ್ಕೆ ತದ್ವಿರುದ್ಧ. ಎಕ್ಸೆಲ್ ಫಾರ್ಮುಲಾಗಳು ಬರಹವನ್ನು ಯಾವ ಅಂಕಿಗಿಂತಲೂ ದೊಡ್ಡದೆಂದೇ ಎಣಿಸುತ್ತವೆ. '60 ಗಂಟೆ' ಮಾತ್ರವಲ್ಲ, '3 ಗಂಟೆ' ಕೂಡ 48ಕ್ಕಿಂತ ದೊಡ್ಡದಾಗಿ ಪಟ್ಟಿಗೆ ಬರುತ್ತದೆ. ಒಂದೇ ಶೀಟ್, ಒಂದೇ ಷರತ್ತು, ಎರಡು ವಿಧಾನ, ಎರಡು ಉತ್ತರ!

ಖಾಲಿ ಸೆಲ್‌ಗಳಲ್ಲೂ ಇಂಥದೇ ಗೊಂದಲ. ಫಾರ್ಮುಲಾದ ಹೋಲಿಕೆಯಲ್ಲಿ ಖಾಲಿ ಎಂದರೆ ಸೊನ್ನೆ. ನಾಳೆ ನೀವು '5 ಗಂಟೆಗಿಂತ ಕಡಿಮೆ' ಎಂದು ಕೇಳಿದರೆ, ಗಂಟೆಯನ್ನೇ ಬರೆಯದ ಸಾಲುಗಳೂ ಬಂದು ಕೂರುತ್ತವೆ. ಬಾಣದ ಫಿಲ್ಟರ್ ಅವುಗಳನ್ನು ತರುವುದಿಲ್ಲ.

ಎರಡಕ್ಕೂ ಮದ್ದು ಒಂದೇ. ಅಂಕಿಯೇ ಹೌದೋ ಎಂದು ಮೊದಲು ಕೇಳಿಸಿ. ಫಿಲ್ಟರ್ ಫಂಕ್ಷನ್‌ನಲ್ಲಿ (ಎಫ್2:ಎಫ್3001>48) ಇದ್ದ ಜಾಗದಲ್ಲಿ ಹೀಗೆ ಹಾಕಿ:

(ಈಸ್‌ನಂಬರ್(ಎಫ್2:ಎಫ್3001)*(ಎಫ್2:ಎಫ್3001>48))

ಸಹಾಯಕ ಕಾಲಂನಲ್ಲಾದರೆ ಎಫ್2>48 ಬದಲು ಆ್ಯಂಡ್(ಈಸ್‌ನಂಬರ್(ಎಫ್2),ಎಫ್2>48). ಆದರೆ ಇದು ತಡೆ ಮಾತ್ರ, '60 ಗಂಟೆ' ಎಂದು ಬರೆದ ಸಾಲು ಆಗಲೂ ಹೊರಗೇ ಉಳಿಯುತ್ತದೆ. ಅಂಥವು ಎಷ್ಟಿವೆ ಎಂದು ತಿಳಿಯಲು =ಕೌಂಟ್‌ಎ(ಎಫ್2:ಎಫ್3001)-ಕೌಂಟ್(ಎಫ್2:ಎಫ್3001) ಎಂದು ಬರೆಯಿರಿ. ಮೊದಲನೆಯದು ತುಂಬಿರುವ ಸೆಲ್‌ಗಳ ಎಣಿಕೆ, ಎರಡನೆಯದು ಅಂಕಿಗಳ ಎಣಿಕೆ. ಉತ್ತರ ಸೊನ್ನೆ ಬಂದರೆ ನಿಶ್ಚಿಂತೆ. ಬಾರದಿದ್ದರೆ ಫಿಲ್ಟರ್ ಬದಿಗಿಟ್ಟು ಮೊದಲು ಆ ಸೆಲ್‌ಗಳನ್ನು ಸರಿಪಡಿಸಿ.

ಪದಗಳ ಕಾಲಂನಲ್ಲಿ ಕಾಟ ಕೊಡುವುದು ಕಣ್ಣಿಗೆ ಕಾಣದ ಸ್ಪೇಸ್. 'ಬಾಕಿ' ಆದ ಮೇಲೆ ಒಂದು ಸ್ಪೇಸ್ ಇದ್ದರೆ ಅದು ಬೇರೆಯೇ ಪದ. ಟ್ರಿಮ್ ಫಂಕ್ಷನ್ ಅದನ್ನು ತೆಗೆಯುತ್ತದೆ. ವೆಬ್ ಪುಟಗಳಿಂದ ಕಾಪಿ ಮಾಡಿದ ಬರಹದಲ್ಲಿ ಇನ್ನೊಂದು ಬಗೆಯ ಸ್ಪೇಸ್ ಬರುತ್ತದೆ, ಅದರ ಸಂಖ್ಯೆ 160. ಟ್ರಿಮ್‌ಗೆ ಅದು ಬಗ್ಗುವುದಿಲ್ಲ. ಮೊದಲು ಸಬ್‌ಸ್ಟಿಟ್ಯೂಟ್(ಡಿ2,ಕ್ಯಾರ್(160)," ") ಎಂದು ಸಾದಾ ಸ್ಪೇಸ್‌ಗೆ ಬದಲಿಸಿ, ಅದರ ಮೇಲೆ ಟ್ರಿಮ್ ಮಾಡಿ. ಇನ್ನು ಮುಂದೆ ಹೀಗಾಗದಿರಲು ಸ್ಥಿತಿ, ತುರ್ತು ಎರಡೂ ಕಾಲಂಗೆ ಡೇಟಾ ವ್ಯಾಲಿಡೇಶನ್‌ನಲ್ಲಿ ಡ್ರಾಪ್‌ಡೌನ್ ಪಟ್ಟಿ ಹಾಕಿಬಿಡಿ. ಟೈಪ್ ಮಾಡುವವರು ನಾಲ್ಕು ಜನ ಇದ್ದರೆ 'ಹೆಚ್ಚು', 'ಜಾಸ್ತಿ', 'ತುಂಬಾ' ಎಲ್ಲವೂ ಬರುತ್ತವೆ. ಯಾವ ಫಿಲ್ಟರ್‌ಗೂ ಅವು ಒಂದೇ ಎಂದು ಗೊತ್ತಾಗುವುದಿಲ್ಲ.

ಯಾವ ದಾರಿ ಹಿಡಿದರೂ ಬಂದ ಸಾಲುಗಳ ಎಣಿಕೆಯನ್ನು ಬೇರೆ ದಾರಿಯಿಂದ ತಾಳೆ ನೋಡಿ. ಇದನ್ನು ಮಾತ್ರ ಬಿಡಬೇಡಿ. ಕೌಂಟ್‌ಇಫ್ಸ್‌ನಿಂದ ಮೂರು ಎಣಿಕೆ ತೆಗೆಯಿರಿ: ಬಾಕಿ ಮತ್ತು ತುರ್ತು ಹೆಚ್ಚು ಇರುವವು ಎಷ್ಟು, ಬಾಕಿ ಮತ್ತು 48 ದಾಟಿದವು ಎಷ್ಟು, ಬಾಕಿಯ ಜೊತೆ ಆ ಎರಡೂ ಇರುವವು ಎಷ್ಟು. ಮೊದಲ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆಯಿರಿ, ಯಾಕೆಂದರೆ ಎರಡೂ ಗುಣ ಇರುವ ಸಾಲು ಎರಡು ಸಲ ಎಣಿಕೆಯಾಗಿದೆ. ಉದಾಹರಣೆಗೆ 140, 95, 30 ಬಂದರೆ ನಿಮ್ಮ ಪಟ್ಟಿಯಲ್ಲಿ 205 ಸಾಲು ಇರಬೇಕು. ನೀವು ಮೂರೂ ಕಾಲಂಗೆ ಫಿಲ್ಟರ್ ಹಾಕಿದಾಗ ಸಿಕ್ಕಿದ್ದು ಆ 30 ಮಾತ್ರ. ಉಳಿದ 175 ಸಾಲುಗಳು ಸದ್ದಿಲ್ಲದೆ ಜಾರಿಹೋಗಿದ್ದವು.

ಎಣಿಕೆ ತಾಳೆಯಾಗದಿದ್ದರೆ ಆ ವ್ಯತ್ಯಾಸವೇ ಸುಳಿವು ಕೊಡುತ್ತದೆ. ಕೌಂಟ್‌ಇಫ್ಸ್ '60 ಗಂಟೆ'ಯಂಥ ಬರಹವನ್ನು >48ರಲ್ಲಿ ಎಣಿಸುವುದಿಲ್ಲ. ಈಸ್‌ನಂಬರ್ ಇಲ್ಲದ ಫಾರ್ಮುಲಾ ಅದಕ್ಕಿಂತ ಜಾಸ್ತಿ ಸಾಲು ಕೊಟ್ಟರೆ ಗಂಟೆಯ ಕಾಲಂನಲ್ಲಿ ಬರಹ ಸೇರಿದೆ. ಅಡ್ವಾನ್ಸ್ಡ್ ಫಿಲ್ಟರ್ ಜಾಸ್ತಿ ಕೊಟ್ಟರೆ 'ಬಾಕಿ ಇಲ್ಲ'ದಂಥವು ನುಸುಳಿವೆ. ಬಾಣದ ಫಿಲ್ಟರ್ ಕಡಿಮೆ ಕೊಟ್ಟರೆ ನಡುವೆ ಎಲ್ಲೋ ಒಂದು ಪೂರ್ತಿ ಖಾಲಿ ಸಾಲು ಇರಬಹುದು. ಎಕ್ಸೆಲ್ ಅಲ್ಲಿಗೇ ದತ್ತಾಂಶ ಮುಗಿಯಿತು ಎಂದು ನಿಲ್ಲುತ್ತದೆ. ಕಂಟ್ರೋಲ್ ಟಿ ಒತ್ತಿ, ಕೊನೆಯ ಸಾಲಿನವರೆಗೂ ವ್ಯಾಪ್ತಿ ಕೊಟ್ಟು ಇಡೀ ದತ್ತಾಂಶವನ್ನು ಟೇಬಲ್ ಮಾಡಿದರೆ ಈ ತೊಂದರೆ ತಪ್ಪುತ್ತದೆ. ಹೊಸ ಸಾಲು ಸೇರಿದಾಗ ಸಹಾಯಕ ಕಾಲಂನ ಫಾರ್ಮುಲಾ ಕೂಡ ತಾನಾಗಿ ಇಳಿಯುತ್ತದೆ.

ಗೂಗಲ್ ಶೀಟ್ಸ್ ಬಳಸುವವರಿಗೆ ಒಂದು ಅನುಕೂಲ ಜಾಸ್ತಿ ಇದೆ. ಅಲ್ಲಿ ಬಾಣದ ಫಿಲ್ಟರ್‌ನಲ್ಲೇ 'ಕಸ್ಟಮ್ ಫಾರ್ಮುಲಾ' ಎಂಬ ಆಯ್ಕೆ ಇದೆ. ಜಿ2ರಲ್ಲಿ ಬರೆದ ಅದೇ ಆ್ಯಂಡ್, ಆರ್ ಫಾರ್ಮುಲಾವನ್ನು ಅಲ್ಲಿ ಹಾಕಿದರೆ ಸಹಾಯಕ ಕಾಲಂ ಇಲ್ಲದೆಯೇ ಕೆಲಸ ಆಗುತ್ತದೆ. ಹಲವರು ಒಂದೇ ಶೀಟ್ ನೋಡುತ್ತಿದ್ದರೆ ಸಾದಾ ಫಿಲ್ಟರ್ ಬದಲು ಫಿಲ್ಟರ್ ವ್ಯೂ ಮಾಡಿಕೊಳ್ಳಿ, ಇತರರ ಪರದೆಯಲ್ಲಿ ಸಾಲುಗಳು ಮಾಯವಾಗುವುದಿಲ್ಲ. ಕ್ವೆರಿ ಫಂಕ್ಷನ್‌ನಲ್ಲೂ ಆವರಣ ಹಾಕಿ ಷರತ್ತು ಬರೆಯಬಹುದು. ಆದರೆ ಒಂದು ಕಾಲಂನಲ್ಲಿ ಅಂಕಿ ಮತ್ತು ಬರಹ ಬೆರೆತಿದ್ದರೆ, ಯಾವುದು ಹೆಚ್ಚಿದೆಯೋ ಅದನ್ನೇ ಆ ಕಾಲಂನ ಜಾತಿ ಎಂದು ಹಿಡಿದು ಉಳಿದದ್ದನ್ನು ಖಾಲಿ ಎಂದು ನೋಡುತ್ತದೆ. ಮೇಲೆ ಹೇಳಿದ ಸ್ವಚ್ಛತೆಯ ಕೆಲಸ ಅಲ್ಲಿ ಇನ್ನೂ ಜಾಸ್ತಿ ಬೇಕು.

ಫಿಲ್ಟರ್ ಹಾಕಿದ ಸ್ಥಿತಿಯಲ್ಲಿ ಒಟ್ಟು ಗಂಟೆ ಬೇಕಾದರೆ ಸಮ್ ಬಳಸಬೇಡಿ, ಅದು ಅಡಗಿರುವ ಸಾಲುಗಳನ್ನೂ ಕೂಡಿಸುತ್ತದೆ. =ಸಬ್‌ಟೋಟಲ್(109,ಎಫ್2:ಎಫ್3001) ಎಂದು ಬರೆದರೆ ಕಾಣುವ ಸಾಲುಗಳದ್ದು ಮಾತ್ರ ಬರುತ್ತದೆ. ಫಿಲ್ಟರ್ ಮಾಡಿದ ಶೀಟ್‌ನ ಮೇಲೆ ಬೇರೆ ಕಡೆಯಿಂದ ಕಾಪಿ ಮಾಡಿದ ಹಲವು ಸಾಲುಗಳನ್ನು ಪೇಸ್ಟ್ ಮಾಡಲೂ ಹೋಗಬೇಡಿ. ಅವು ಅಡಗಿರುವ ಸಾಲುಗಳ ಮೇಲೂ ಬಿದ್ದು, ಹಳೆಯ ಮಾಹಿತಿ ಅಳಿಸಿಹೋಗಬಹುದು.

ನಿಮ್ಮ ವಿಷಯಕ್ಕೆ ಬಂದರೆ, ಎಕ್ಸೆಲ್ ಯಾವ ಆವೃತ್ತಿ ಎಂದು ನೀವು ಹೇಳಿಲ್ಲ. ಹಾಗಾಗಿ ಇವತ್ತು ಸಹಾಯಕ ಕಾಲಂನಿಂದಲೇ ಶುರು ಮಾಡಿ, ಕಾರಣ ಬರೆಸುವ ಫಾರ್ಮುಲಾ ಹಾಕಿ. ಅದಕ್ಕೂ ಮುಂಚೆ ಕೌಂಟ್‌ಎ, ಕೌಂಟ್ ವ್ಯತ್ಯಾಸ ನೋಡಿ ಗಂಟೆಯ ಕಾಲಂ ಶುಚಿ ಮಾಡಿ. ಪಟ್ಟಿ ಬಂದ ಮೇಲೆ ಆ 60 ಗಂಟೆಯ ಯಂತ್ರದ ಪಕ್ಕ ಜಿ ಕಾಲಂನಲ್ಲಿ 'ಗಂಟೆ' ಎಂದು ಬಂದಿದೆಯೇ ನೋಡಿ. ಬರದಿದ್ದರೆ ಆ ಸಾಲಿನ ಸ್ಥಿತಿಯ ಸೆಲ್‌ಗೆ =ಲೆನ್(ಡಿ2) ರೀತಿಯಲ್ಲಿ ಉದ್ದ ಅಳೆದು, ಸರಿಯಾಗಿ ಬಂದಿರುವ ಇನ್ನೊಂದು 'ಬಾಕಿ' ಸೆಲ್‌ನ ಉದ್ದದ ಜೊತೆ ಹೋಲಿಸಿ. ಒಂದು ಜಾಸ್ತಿ ಬಂದರೆ ಅಲ್ಲೊಂದು ಸ್ಪೇಸ್ ಕೂತಿದೆ.